ಯಹೂದಿ ಶಾಲೆಯ ಹಿತ್ತಲಲ್ಲಿ ಗೋಧಿ ಬೆಳೆದ ಬಗೆ: ನನ್ನ ಅನುಭವ

2023ರ ನವೆಂಬರ್ ತಿಂಗಳ ಒಂದು ಶುಕ್ರವಾರ, ನಾನು ಕೆಲಸ ಮಾಡುವ ನ್ಯೂಜೆರ್ಸಿಯ ಯಹೂದಿ ಪ್ರಾಥಮಿಕ ಶಾಲೆಯಲ್ಲಿ, ನಮ್ಮದೇ ಹಿತ್ತಲಲ್ಲಿ ಬೆಳೆದ ಗೋಧಿಯ ಹಿಟ್ಟು ಬೆರೆಸಿ ಸುಟ್ಟ ಮೂವತ್ತಕ್ಕೂ ಹೆಚ್ಚು ಖಲ್ಲಾಗಳು, ಅಂದರೆ ಷಬ್ಬಾತ್ ಎಂಬ ವಾರದ ವಿಶ್ರಾಂತಿ ದಿನದ ರೊಟ್ಟಿಗಳು, ಪ್ರತಿ ತರಗತಿಯ ಮೇಜಿನ ಮೇಲೆ ಎರಡೆರಡರಂತೆ ಕುಳಿತಿದ್ದವು. ಈ ಒಂದು ದಿನಕ್ಕಾಗಿ ನನಗೆ ಐದು ವರ್ಷ ಹಿಡಿಯಿತು. ನಡುವೆ ಎರಡು ಸಲ ಆಡಳಿತ ಮಂಡಳಿಯಲ್ಲಿ ಇದನ್ನು ನಿಲ್ಲಿಸುವ ಮಾತು ಬಂದಿತ್ತು. ಶಾಲಾ ಕೈತೋಟ ನಡೆಸುವ ಕನ್ನಡದ ಶಿಕ್ಷಕ ಮಿತ್ರರು ಹಲವರು ಇದನ್ನು ಹೇಗೆ ಮಾಡಿದೆ ಎಂದು ಕೇಳುತ್ತಲೇ ಇದ್ದುದರಿಂದ ಬರೆಯುತ್ತಿದ್ದೇನೆ. ಬಿತ್ತನೆ, ಒಕ್ಕಣೆ, ಹಿಟ್ಟು ನಾದುವುದು ನಿಮಗೆ ಗೊತ್ತಿರುವ ಕೆಲಸಗಳೇ ಆದ್ದರಿಂದ ಅವುಗಳ ಪಾಠವನ್ನು ಇಲ್ಲಿ ಹೇಳುವುದಿಲ್ಲ.

ನಾನು ಯಹೂದಿಯಲ್ಲ, ಧಾರವಾಡದ ಕಡೆಯ ಒಕ್ಕಲು ಮನೆತನದವಳು. ಮಕ್ಕಳು ನನ್ನನ್ನು ಹೀಬ್ರೂ ರೂಢಿಯಂತೆ ‘ಮೋರಾ’, ಅಂದರೆ ಶಿಕ್ಷಕಿ, ಎಂದು ಕರೆಯುತ್ತಾರೆ. ಈ ಕೆಲಸದ ಮೂಲ ಧರ್ಮಪಾಠ ಹೇಳುವ ನಮ್ಮ ಗುರುಗಳಾದ ರಬ್ಬಿಯವರ ತರಗತಿಯಲ್ಲಿದೆ. ಷಬ್ಬಾತ್ ದಿನ ಮಾಡಬಾರದ 39 ಬಗೆಯ ಕೆಲಸಗಳ ಪಟ್ಟಿ ಮಿಶ್ನಾ ಎಂಬ ಪ್ರಾಚೀನ ಯಹೂದಿ ಕಟ್ಟಳೆಗಳ ಗ್ರಂಥದಲ್ಲಿ ಇದೆ, ಅದನ್ನು ನಾಲ್ಕನೇ ತರಗತಿಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. 2018ರ ವಸಂತದಲ್ಲಿ ನಾನು ಪಕ್ಕದ ಕೋಣೆಯಲ್ಲಿ ಪ್ರಯೋಗದ ಸಾಮಾನು ಜೋಡಿಸುತ್ತಿದ್ದಾಗ ಆ ಪಟ್ಟಿ ಕಿವಿಗೆ ಬಿತ್ತು: ಬಿತ್ತುವುದು, ಉಳುವುದು, ಕೊಯ್ಯುವುದು, ಸಿವುಡು ಕಟ್ಟುವುದು, ಒಕ್ಕುವುದು, ತೂರುವುದು, ಆರಿಸುವುದು, ಬೀಸುವುದು, ಜರಡಿ ಹಿಡಿಯುವುದು, ನಾದುವುದು, ಸುಡುವುದು. ಮೊದಲ ಹನ್ನೊಂದೂ ಹೊಲದಿಂದ ಒಲೆಯವರೆಗಿನ ರೊಟ್ಟಿಯ ದಾರಿ. ತೂರುವುದು ಎಂದರೇನು ಎಂದು ಒಬ್ಬ ಹುಡುಗಿ ಕೇಳಿದಳು, ರಬ್ಬಿಯವರು ಗಾಳಿಯಲ್ಲಿ ಕೈಬೀಸಿ ತೋರಿಸಿದರು, ಮಕ್ಕಳಿಗೆ ತಿಳಿಯಲಿಲ್ಲ. ನನಗೆ ನಮ್ಮೂರ ಕಣದಲ್ಲಿ ಗಾಳಿಗೆ ಮುಖಮಾಡಿ ನಿಂತು ಮೊರ ಎತ್ತಿದ ಅವ್ವನ ನೆನಪಾಯಿತು. ಆ ಮಧ್ಯಾಹ್ನವೇ ಹೋಗಿ ರಬ್ಬಿಯವರಿಗೆ, ಈ ಹನ್ನೊಂದನ್ನೂ ಮಕ್ಕಳ ಕೈಯಲ್ಲಿ ಮಾಡಿಸೋಣ ಎಂದೆ.

ಅನುಮಾನಪಟ್ಟವರು ಬಹಳ. ಓದಿನ ವೇಳೆ ಹಾಳಾಗುತ್ತದೆ ಎಂದು ಕೆಲವು ಪಾಲಕರು, ಆಟದ ಬಯಲು ಕಿರಿದಾಗುತ್ತದೆ ಎಂದು ದೈಹಿಕ ಶಿಕ್ಷಕರು. ಮುಖ್ಯೋಪಾಧ್ಯಾಯಿನಿಯವರು ಎತ್ತಿದ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು: ನ್ಯೂಜೆರ್ಸಿಯಲ್ಲಿ ಚಳಿಗಾಲದ ಗೋಧಿ ಕೊಯ್ಲಿಗೆ ಬರುವುದು ಜೂನ್ ಕೊನೆ ಅಥವಾ ಜುಲೈನಲ್ಲಿ, ಶಾಲೆ ಮುಚ್ಚುವುದು ಜೂನ್ ನಡುವಿನಲ್ಲಿ, ಬಿತ್ತಿದ ಮಗು ತೆನೆಯನ್ನೇ ಕಾಣದೆ ಹೋದರೆ ಅದು ಎಂಥ ಕಲಿಕೆ? ನನ್ನ ತಂದೆಯವರು ಫೋನಿನಲ್ಲಿ ಜಾಗದ ಅಳತೆ ಕೇಳಿ, “ಅಷ್ಟು ನೆಲದಾಗ ಬೆಳದದ್ದು ಗುಬ್ಬಿಗೂ ಸಾಲಂಗಿಲ್ಲ ನೋಡವಾ” ಎಂದರು. ಜಾಗ ಇಪ್ಪತ್ತಕ್ಕೆ ಮೂವತ್ತು, ಅಂದರೆ 600 ಚದರಡಿ.

ವಸಂತದಲ್ಲಿ ಬಿತ್ತುವ ತಳಿ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಅದರ ಕೊಯ್ಲು ಬೇಸಿಗೆ ರಜೆಯ ನಟ್ಟನಡುವೆ ಬರುತ್ತದೆ. ಅಲ್ಲದೆ ವಸಂತದಲ್ಲಿ ಬರುವ ಪೆಸಾಖ್ ಹಬ್ಬದ ನಂತರ ಬೇರೂರಿದ ಧಾನ್ಯವನ್ನು ಮುಂದಿನ ಪೆಸಾಖ್‌ವರೆಗೆ ತಿನ್ನಬಾರದೆಂಬ ಕಟ್ಟಳೆಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಮನೆಗಳು ನಮ್ಮ ಶಾಲೆಯಲ್ಲಿವೆ. ಚಳಿಗಾಲದ ಗೋಧಿ ಹಬ್ಬಕ್ಕೆ ಮೊದಲೇ ಬೇರುಬಿಟ್ಟಿರುವುದರಿಂದ ಆ ತೊಡಕಿಲ್ಲ. ಹಾಗಾಗಿ ಅಕ್ಟೋಬರ್ ಬಿತ್ತನೆಯೇ ಗಟ್ಟಿಯಾಯಿತು.

ಮೊದಲ ವರ್ಷ ಎಲ್ಲವೂ ತಪ್ಪಿತು. ಹತ್ತಿರದ ರೈತರೊಬ್ಬರಿಂದ ಅಗ್ಗಕ್ಕೆ ಸಿಕ್ಕ ಬೀಜ ಈ ಸೀಮೆಯಲ್ಲಿ ಸಾಮಾನ್ಯವಾಗಿ ಬೆಳೆಯುವ ಮೆದು ಗೋಧಿಯದು, ಅದು ಬಿಸ್ಕತ್ತಿಗೆ ಒಳ್ಳೆಯದು, ಉಬ್ಬುವ ರೊಟ್ಟಿಗೆ ಬಾರದು. ಇದು ನನಗೆ ಗೊತ್ತಿದ್ದೂ ಹಣ ಉಳಿಸಲು ಹೋದೆ. ಜನವರಿಯಲ್ಲಿ ಕೆನಡಾ ಬಾತುಗಳ ಹಿಂಡು ಇಳಿದು ಪೈರನ್ನು ನೆಲಮಟ್ಟಕ್ಕೆ ಮೇಯ್ದಿತು, ಏಪ್ರಿಲ್‌ನಲ್ಲಿ ಚಿಗುರಿದ್ದನ್ನು ಜಿಂಕೆಗಳು ತಿಂದವು. ಉಳಿದದ್ದನ್ನು ಜೂನ್‌ನಲ್ಲಿ ಕೊಯ್ದು ಸಿವುಡು ಕಟ್ಟಿ ಸಲಕರಣೆಯ ಕೊಟ್ಟಿಗೆಯಲ್ಲಿ ಒಟ್ಟಿ ನಾನು ರಜೆಗೆ ಊರಿಗೆ ಬಂದೆ. ಸೆಪ್ಟೆಂಬರ್‌ನಲ್ಲಿ ಬಾಗಿಲು ತೆಗೆದಾಗ ಇಲಿಗಳು ಮುಕ್ಕಾಲುಪಾಲು ಮುಗಿಸಿದ್ದವು. ಒಕ್ಕಿ ಹಸನು ಮಾಡಿದ ಮೇಲೆ ಎರಡು ಕಿಲೋ ಬಂದಿತ್ತೇನೋ.

ಆ ಎರಡು ಕಿಲೋವೂ ರೊಟ್ಟಿಯಾಗಲಿಲ್ಲ. ಅಂಗಡಿಯ ಹಿಟ್ಟು ಎರಡು ಕಿಲೋ ಬೆರೆಸಿ, ನಾದಲು ಅನುಕೂಲವೆಂದು ನನ್ನ ಮನೆಯ ದೊಡ್ಡ ಸ್ಟೀಲ್ ಪರಾತವನ್ನು ಶಾಲೆಯ ಅಡುಗೆಮನೆಗೆ ಒಯ್ದೆ. ಕೋಷರ್ ಎಂಬ ಯಹೂದಿ ಆಹಾರ ನಿಯಮಗಳನ್ನು ನೋಡಿಕೊಳ್ಳುವ ಮಷ್ಗಿಯಾಖ್ ಅವರು ಬಂದು ನೋಡುವ ಹೊತ್ತಿಗೆ ಹಿಟ್ಟು ಅದರಲ್ಲಿ ಉಬ್ಬುತ್ತಿತ್ತು. ಹೊರಗಿನ ಅಡುಗೆಮನೆಯ ಪಾತ್ರೆ ಅಲ್ಲಿ ಬರುವಂತಿಲ್ಲ, ಆದ್ದರಿಂದ ನಾಲ್ಕು ಕಿಲೋ ಹಿಟ್ಟು ಗೊಬ್ಬರದ ಗುಂಡಿ ಸೇರಿತು. ಮಕ್ಕಳು ಅತ್ತರು. ಮಷ್ಗಿಯಾಖ್ ಅವರು ನನ್ನನ್ನು ಗದರಿಸಲಿಲ್ಲ, ಮರುದಿನ ಕುಳಿತು ನಾನು ಮೊದಲೇ ಕೇಳಿ ತಿಳಿಯಬೇಕಾಗಿದ್ದುದನ್ನೆಲ್ಲ ವಿವರಿಸಿದರು. ಮಾಂಸದ ಜೊತೆ ಹಾಲು ಕೂಡದು, ಷಬ್ಬಾತ್‌ನ ರೊಟ್ಟಿ ಮಾಂಸದೂಟಕ್ಕೂ ಹಾಲಿನೂಟಕ್ಕೂ ಸಲ್ಲಬೇಕಾದ್ದರಿಂದ ಅದಕ್ಕೆ ಹಾಲು ಬೆಣ್ಣೆ ಸೋಕಬಾರದು. ಒಲೆಯನ್ನು ಯಹೂದಿಯೊಬ್ಬರು ಹೊತ್ತಿಸಬೇಕು. ಹಿಟ್ಟು ಶಾಲೆಯ ಸೊತ್ತಾಗಿರಬೇಕು, ನನ್ನದಾಗಿದ್ದರೆ ಅದರಿಂದ ‘ಖಲ್ಲಾ’ ಎಂಬ ಪಾಲನ್ನು, ಅಂದರೆ ವಿಧಿಯಂತೆ ಬೇರ್ಪಡಿಸುವ ಹಿಟ್ಟಿನ ತುಣುಕನ್ನು, ತೆಗೆಯುವ ಕರ್ತವ್ಯವೇ ಅದಕ್ಕೆ ಅನ್ವಯಿಸುವುದಿಲ್ಲ. ಆ ಪಾಲು ತೆಗೆಯಬೇಕಾದರೆ ಕನಿಷ್ಠ ಸುಮಾರು 1.2 ಕಿಲೋ ಹಿಟ್ಟು ಬೇಕು, ಮಂತ್ರ ಹೇಳಿ ತೆಗೆಯಲು ಅದಕ್ಕಿಂತ ಹೆಚ್ಚು. ರೊಟ್ಟಿಗೆ ಆ ಹೆಸರು ಬಂದದ್ದು ಈ ಪಾಲಿನಿಂದಲೇ ಎನ್ನುತ್ತಾರೆ. ಅಂದಿನಿಂದ ನನ್ನ ಕೆಲಸ ಹಿಟ್ಟಿನ ಹದದವರೆಗೆ, ಪಾಲು ತೆಗೆಯುವುದೂ ಒಲೆ ಹೊತ್ತಿಸುವುದೂ ಐದನೇ ತರಗತಿಯ ಮಕ್ಕಳು ಮತ್ತು ಅವರ ಶಿಕ್ಷಕರದು. ಈ ಹಂಚಿಕೆಯಿಂದ ಕಾರ್ಯಕ್ರಮ ನನ್ನದಾಗಿ ಉಳಿಯದೆ ಶಾಲೆಯದಾಯಿತು.

ಹಣದ ಮಾತಿಗೆ ಬಂದರೆ, ಮೊದಲ ಎರಡು ವರ್ಷಗಳಲ್ಲಿ ನೆನಪಿನಂತೆ 1,700 ಡಾಲರ್ ಆಸುಪಾಸು ಖರ್ಚಾಯಿತು. ಇದರಲ್ಲಿ ಎಂಟಡಿ ಎತ್ತರದ ಜಿಂಕೆ ಬೇಲಿಗೇ ಸುಮಾರು 750. ಮೊದಲು ಕೊಂಡ ಕೈಗಿರಣಿ 90ರಷ್ಟಿತ್ತು, ಮೂರನೇ ದಿನ ಅದರ ಹಿಡಿಕೆ ಮುರಿಯಿತು. ಆಮೇಲೆ ಕೊಂಡ ವಿದ್ಯುತ್ ಗಿರಣಿ 280 ಇರಬೇಕು. ಗೊಬ್ಬರ, ಟಾರ್ಪಾಲು, ಕುಡುಗೋಲು, ಗಟ್ಟಿ ಕೆಂಪು ಗೋಧಿಯ ಬೀಜ ಉಳಿದದ್ದು. ಪಾಲಕರ ಸಮಿತಿ 500 ಕೊಟ್ಟಿತು, ಸಣ್ಣ ಅನುದಾನವೊಂದರಿಂದ ಸಾವಿರ ಬಂತು, ಮಿಕ್ಕದ್ದು ನನ್ನ ಕೈಯಿಂದ ಹೋಯಿತು, ಅದು ಮರಳಿ ಬರಲಿಲ್ಲ. ರೊಟ್ಟಿ ಮಾರಿ ಖರ್ಚು ತೆಗೆಯೋಣ ಎಂದು ಕೆಲವರು ಸೂಚಿಸಿದಾಗ ನಾನು ಒಪ್ಪಲಿಲ್ಲ. ಮಾರಿದ ಹಣವೆಲ್ಲ ಮಕ್ಕಳ ತ್ಸೆದಾಕಾ ಡಬ್ಬಿಗೆ, ಅಂದರೆ ದಾನಕ್ಕೆ ಹೋಗಬೇಕೆಂದು ಹಟ ಹಿಡಿದೆ. ಆ ಹಟ ಸರಿಯಾಗಿತ್ತೆಂದು ಇಂದೂ ನಂಬುತ್ತೇನೆ, ಏಕೆಂದರೆ ಮಕ್ಕಳು ಲಾಭದ ಲೆಕ್ಕ ಹಾಕದೆ ಕೊಡುವ ಲೆಕ್ಕ ಹಾಕಲು ಕಲಿತರು.

ಎರಡನೇ ಬೆಳೆ ಚೆನ್ನಾಗಿ ಬಂದಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿತು. ಜೂನ್‌ನಲ್ಲಿ ನಾನೂ ಸ್ವಚ್ಛತಾ ಸಿಬ್ಬಂದಿಯ ಒಬ್ಬರೂ ಮುಖಗವಸು ಹಾಕಿಕೊಂಡು ಕೊಯ್ದೆವು. ಶರತ್ಕಾಲದಲ್ಲಿ ಗುಂಪುಗೂಡುವಂತಿರಲಿಲ್ಲವಾದ್ದರಿಂದ ಪ್ರತಿ ಮಗುವಿಗೆ ಒಂದು ಹಿಡಿ ತೆನೆಯನ್ನು ದಿಂಬಿನ ಚೀಲದಲ್ಲಿ ಕಟ್ಟಿ ಮನೆಗೆ ಕಳಿಸಿದೆ. ಮನೆಯಲ್ಲಿ ಬಡಿದು, ಕಾಳು ಬೇರ್ಪಡಿಸಿ, ಪೊಟ್ಟಣ ಮಾಡಿ ಹಿಂದಿರುಗಿಸಿದವರು ಅರ್ಧದಷ್ಟು. ಆದರೂ ಅಜ್ಜ ಅಜ್ಜಿಯರು ಮಕ್ಕಳ ಜೊತೆ ಕುಳಿತು ಕಾಳು ಆರಿಸಿದ ಸುದ್ದಿ ಎಷ್ಟೋ ಮನೆಗಳಿಂದ ಬಂದಿತು, ಮುಂದೆ ಒಕ್ಕಣೆಗೆ ಹಿರಿಯರನ್ನು ಶಾಲೆಗೇ ಕರೆಯುವ ಯೋಚನೆ ಹುಟ್ಟಿದ್ದು ಅಲ್ಲಿಂದಲೇ.

ರಜೆಯ ಸಮಸ್ಯೆಗೆ ನಾನು ಕಂಡುಕೊಂಡ ಪರಿಹಾರ ಹಳೆಯ ಒಕ್ಕಲಿಗರಿಗೆಲ್ಲ ಗೊತ್ತಿದ್ದದ್ದೇ. ಕಾಳು ಪೂರ್ತಿ ಒಣಗುವವರೆಗೆ ಕಾಯದೆ, ಉಗುರಿನಿಂದ ಒತ್ತಿದರೆ ಗುರುತು ಬೀಳುವ, ಆದರೆ ಹಾಲು ಬಾರದ ಹದದಲ್ಲಿ ಜೂನ್ ಎರಡನೇ ವಾರ ಕೊಯ್ದು ಸಿವುಡು ಕಟ್ಟಿ ಒಣಗಿಸಿದರೆ ಉಳಿದ ಮಾಗುವಿಕೆ ಕಡ್ಡಿಯಲ್ಲೇ ನಡೆಯುತ್ತದೆ. ಹಾಗೆ ಕೊಯ್ದ ಸಿವುಡುಗಳನ್ನು ಈಗ ವ್ಯಾಯಾಮ ಮಂದಿರದ ಪಕ್ಕದ ಉಗ್ರಾಣದಲ್ಲಿ ತಲೆಕೆಳಗಾಗಿ ತಂತಿಗೆ ತೂಗುಹಾಕುತ್ತೇವೆ. ಇಲಿ ಆ ತಂತಿಯ ಮೇಲೆ ಬಾರದಂತೆ ಏನು ಮಾಡುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಾತುಗಳಿಗೆ ಹೂಡುವ ಉಪಾಯವೂ ನನ್ನಲ್ಲೇ ಇರಲಿ, ಬಂದು ನೋಡುವವರಿಗೆ ತೋರಿಸುತ್ತೇನೆ.

ಹೀಗಾಗಿ ನಾಲ್ಕನೇ ತರಗತಿಯಲ್ಲಿ ಬಿತ್ತಿ ಕೊಯ್ದ ಮಕ್ಕಳು ಐದನೇ ತರಗತಿಗೆ ಬಂದಾಗ ಒಕ್ಕಿ, ಬೀಸಿ, ಸುಡುತ್ತಾರೆ. ಒಕ್ಕಿದ ವಾರವೇ ಒಂದು ಕಿಲೋ ಬೀಜವನ್ನು ಎತ್ತಿಟ್ಟು ಹೊಸ ನಾಲ್ಕನೇ ತರಗತಿಯ ಕೈಗೆ ಕೊಟ್ಟು, ಸಾಲು ಹಿಡಿದು ಬಿತ್ತುವುದನ್ನು ತಾವೇ ಕಲಿಸುತ್ತಾರೆ. ಯಾವ ಅಡ್ಡಿಯಿಂದ ಈ ಕೆಲಸ ಬೀಳುತ್ತದೆಂದು ಎಲ್ಲರೂ ಹೇಳಿದ್ದರೋ ಆ ರಜೆಯೇ ಎರಡು ತರಗತಿಗಳನ್ನು ಹೊಲಿಯುವ ದಾರವಾಯಿತು. ಅರ್ಧ ಕೆಲಸ ಉಳಿದಿದೆ ಎಂಬ ನೆನಪಿನಲ್ಲೇ ಮಕ್ಕಳು ಬೇಸಿಗೆಯಿಂದ ಮರಳುತ್ತಾರೆ, ಶಾಲೆ ತೆರೆದ ದಿನವೇ ಉಗ್ರಾಣದ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ನನಗೆ ಅತ್ಯಂತ ಹೆಮ್ಮೆಯ ಗಳಿಗೆಯೊಂದನ್ನು ಹೇಳಲೇಬೇಕು. ಮಿಶ್ನಾದ ಪಟ್ಟಿಯಲ್ಲಿ ಬಿತ್ತುವುದು ಮೊದಲು, ಉಳುವುದು ಆಮೇಲೆ ಬರುತ್ತದೆ. ಇದು ತಿರುಗುಮುರುಗಾಗಿದೆಯಲ್ಲ ಎಂದು ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ, ಮಿಶ್ನಾವನ್ನು ಚರ್ಚಿಸುವ ಗ್ರಂಥವಾದ ತಾಲ್ಮೂದ್ ಕೂಡ ಅದೇ ಪ್ರಶ್ನೆ ಎತ್ತಿ, ಇಸ್ರೇಲ್ ನಾಡಿನಲ್ಲಿ ಉತ್ತು ಬಿತ್ತಿದ ಮೇಲೆ ಮತ್ತೆ ಉಳುತ್ತಾರೆ ಎಂದು ಉತ್ತರಿಸುತ್ತದೆ. ರಬ್ಬಿಯವರು ಇದನ್ನು ಪುಸ್ತಕದ ಮಾತಾಗಿ ಹೇಳುತ್ತಿದ್ದರು. ನಮ್ಮ ಎರೆ ಭೂಮಿಯಲ್ಲಿ ಕೂರಿಗೆಯ ಹಿಂದೆಯೇ ಕುಂಟೆ ಹೊಡೆದು ಬೀಜ ಮುಚ್ಚುವುದನ್ನು ನಾನು ನೋಡಿ ಬೆಳೆದಿದ್ದೆ. ಮುಚ್ಚದೆ ಬಿಟ್ಟ ಸಾಲು ಹಕ್ಕಿಯ ಪಾಲಾಗುತ್ತದೆ, ತೇವವೂ ಆರಿಹೋಗುತ್ತದೆ. ಹೊಲದಲ್ಲಿ ಒಂದು ಸಾಲನ್ನು ಮುಚ್ಚಿ ಒಂದನ್ನು ಹಾಗೇ ಬಿಡಿಸಿದೆ. ಹತ್ತು ದಿನಗಳಲ್ಲಿ ಒಂದು ಸಾಲು ಹಸಿರಾಗಿತ್ತು, ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ. ಇಪ್ಪತ್ತು ವರ್ಷ ಈ ಪಾಠ ಹೇಳಿದ್ದರೂ ಇಂದೇ ಅದನ್ನು ಕಣ್ಣಿನಿಂದ ಕಂಡೆ ಎಂದು ರಬ್ಬಿಯವರು ಮಕ್ಕಳ ಎದುರಿಗೇ ಹೇಳಿದರು.

ತೂರುವುದು, ಆರಿಸುವುದು, ಜರಡಿ ಹಿಡಿಯುವುದು, ಮೂರೂ ಬೇಡದ್ದನ್ನು ಬೇರ್ಪಡಿಸುವುದೇ ಆಗಿರುವಾಗ ಮೂರೆಂದು ಏಕೆ ಎಣಿಸಬೇಕೆಂಬ ಚರ್ಚೆಯೂ ತಾಲ್ಮೂದ್‌ನಲ್ಲಿದೆ. ಮಕ್ಕಳು ಇಬ್ಬಿಬ್ಬರಾಗಿ ಕುಳಿತು ಓದುವ ಖವ್ರೂತಾ ಪದ್ಧತಿಯಲ್ಲಿ ಇದನ್ನು ಓದಿ, ನೇರವಾಗಿ ಕಣಕ್ಕೆ ಬರುತ್ತಾರೆ. ಮೊದಲ ಸಲ ವ್ಯಾಯಾಮ ಮಂದಿರದೊಳಗೆ ಪೆಟ್ಟಿಗೆ ಫ್ಯಾನ್ ಇಟ್ಟು ತೂರಿದ್ದು ದೊಡ್ಡ ತಪ್ಪು. ಹೊಟ್ಟು ಗಾಳಿಕೊಳವೆಗಳಿಗೆ ಸೇರಿತು, ಉಬ್ಬಸವಿದ್ದ ಮಗುವೊಂದನ್ನು ತಕ್ಷಣ ಹೊರಗೆ ಕರೆದೊಯ್ಯಬೇಕಾಯಿತು, ಸ್ವಚ್ಛ ಮಾಡಲು ಎರಡು ದಿನ ಬೇಕಾಯಿತು. ಈಗ ಬಯಲಿನಲ್ಲೇ, ಗಾಳಿಯಿರುವ ದಿನ ನೋಡಿ, ಹುಬ್ಬಳ್ಳಿಯಿಂದ ತಂದ ನಾಲ್ಕು ಬಿದಿರಿನ ಮೊರಗಳಲ್ಲಿ ತೂರುತ್ತೇವೆ, ಧೂಳು ಆಗದ ಮಕ್ಕಳು ಒಳಗೆ ಕುಳಿತು ಕಾಳು ಆರಿಸುತ್ತಾರೆ. ಮೊರದಲ್ಲಿ ಕೇರುವುದು ಮಕ್ಕಳಿಗೆ ಒಂದೇ ದಿನಕ್ಕೆ ಬಂದುಬಿಡುತ್ತದೆ, ದೊಡ್ಡವರಿಗೆ ಬರುವುದಿಲ್ಲ.

ಗಣಿತದ ಪಾಠ ಹೊಲದ ಮೂಲೆಯಿಂದ ಬಂತು. ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗಾಗಿ ಬಿಡಬೇಕೆಂಬ ಆಜ್ಞೆ ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದಲ್ಲಿದೆ, ಅದನ್ನು ಪೇಆ ಎನ್ನುತ್ತಾರೆ. ಮೇಲಿನ ಮಿತಿ ಇಲ್ಲ, ಆದರೆ ಅರವತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಮಾಡಬಾರದೆಂದು ಮಿಶ್ನಾ ಹೇಳುತ್ತದೆ. ಆರುನೂರರಲ್ಲಿ ಅರವತ್ತನೇ ಒಂದು ಭಾಗ ಹತ್ತು ಚದರಡಿ. ಮಕ್ಕಳು ಅದನ್ನು ಹಗ್ಗ ಹಿಡಿದು ಅಳೆದು, ಇಷ್ಟೇನಾ ಎಂದು ಸುಮ್ಮನಾದರು, ಬಳಿಕ ಒಂದು ಗಂಟೆ ವಾದ ಮಾಡಿ ಮೂವತ್ತು ಚದರಡಿ ಎಂದು ನಿರ್ಧರಿಸಿದರು. ಷವೂಓತ್ ಎಂಬ ಸುಗ್ಗಿಯ ಹಬ್ಬದಲ್ಲಿ ಓದುವ ಬೈಬಲಿನ ರೂತಳ ಕಥೆಯಲ್ಲಿ ಆಕೆ ಹಕ್ಕಲು ಆಯುವ ಭಾಗ ಬಂದಾಗ ಈ ಮಕ್ಕಳಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಆ ಮೂಲೆಯ ಗೋಧಿಯಿಂದ ಆಗುವ ಎರಡೋ ಮೂರೋ ರೊಟ್ಟಿ ಹತ್ತಿರದ ಉಚಿತ ಆಹಾರ ಕೇಂದ್ರಕ್ಕೆ ಹೋಗುತ್ತದೆ, ಕೊಂಡೊಯ್ಯುವವರು ಮಕ್ಕಳೇ.

ಈ ನಡುವೆ ನೂರು ಚದರಡಿಯ ಪಕ್ಕದ ಪಟ್ಟಿಯೊಂದರಲ್ಲಿ ಸದಕ ಬೆಳೆಯಲು ಹೋದೆ. ನಮ್ಮ ಕಡೆ ಜವೆಗೋಧಿ ಎಂದೂ ಕರೆಯುವ ಈ ಗೋಧಿಯ ತಳಿಗಳನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ ಎಂಬ ಹೆಸರಿನ ಸಾಲಿನಲ್ಲಿ ಬಿಡುಗಡೆ ಮಾಡಿದೆ. ಪ್ರಾಚೀನ ಇಸ್ರೇಲ್ ನಾಡಿನಲ್ಲಿ ಬೆಳೆದ ಗೋಧಿಗಳಲ್ಲಿ ಈ ಜಾತಿಯೂ ಒಂದು. ಇದರ ಕಾಡುಮೂಲವನ್ನು ಕೃಷಿವಿಜ್ಞಾನಿ ಆರೋನ್ ಆರೋನ್‌ಸೋನ್ 1906ರಲ್ಲಿ ಇಂದಿನ ಉತ್ತರ ಇಸ್ರೇಲ್‌ನ ಗಲಿಲಾಯದ ರೋಷ್ ಪಿನಾ ಬಳಿ ಕಂಡುಹಿಡಿದರು. ಊರಿನಿಂದ ಬೀಜ ತರುವಂತಿರಲಿಲ್ಲ, ಕರ್ನಾಲ್ ಬಂಟ್ ರೋಗದ ಕಾರಣ ಭಾರತದ ಗೋಧಿಬೀಜಕ್ಕೆ ಅಮೆರಿಕದಲ್ಲಿ ನಿರ್ಬಂಧವಿದೆ, ಹಾಗಾಗಿ ಇಲ್ಲಿಯ ಬೀಜದ ವ್ಯಾಪಾರಿಯಿಂದ ಹನ್ನೆರಡು ಡಾಲರಿಗೆ ಕೊಂಡೆ. ಬೆಳೆ ಬಂತು, ಆದರೆ ಸಿಪ್ಪೆ ಬಿಡಲಿಲ್ಲ. ನಾಲ್ಕು ದಿನ ಒರಳಿನಲ್ಲಿ ಕುಟ್ಟಿದರೂ ಸಿಕ್ಕಿದ್ದು ಆರುನೂರು ಗ್ರಾಂ ಮಾತ್ರ. ಅದರಲ್ಲಿ ತೆಂಗಿನ ಹಾಲು, ಬೆಲ್ಲ ಹಾಕಿ ಹುಗ್ಗಿ ಮಾಡಿದೆವು. ಒಂದು ತರಗತಿಗೆ ಎರಡೆರಡು ಚಮಚ ಬಂತು. ರೊಟ್ಟಿಗೆ ಇದು ಲಾಭವಿಲ್ಲ, ಆದರೆ ಧಾರವಾಡದ ಗೋಧಿಯೂ ಗಲಿಲಾಯದ ಗೋಧಿಯೂ ದಾಯಾದಿಗಳೆಂದು ತೋರಿಸಲು ನಾನು ಆ ಪಟ್ಟಿಯನ್ನು ಇನ್ನೂ ಬಿಟ್ಟಿಲ್ಲ.

ಸುಕ್ಕೋತ್ ಹಬ್ಬ ಮುಗಿದ ಮೇಲೆ ಮನೆಗಳಲ್ಲಿ ಉಳಿಯುವ ಎತ್ರೋಗ್ ಹಣ್ಣು ನಮ್ಮ ಮಾದಳವೇ ಆದ್ದರಿಂದ ಉಪ್ಪಿನಕಾಯಿ ಹಾಕಲು ಹದಿನೈದು ಹಣ್ಣು ಕೂಡಿಸಿದ್ದೆ. ಪೂಜೆಗೆಂದು ಕಳಂಕವಿಲ್ಲದೆ ಬೆಳೆಸುವ ಈ ಹಣ್ಣಿಗೆ ಕೀಟನಾಶಕ ವಿಪರೀತ ಹೊಡೆದಿರುತ್ತಾರೆಂದು ತಿಳಿದು ಕೈಬಿಟ್ಟೆ. ಬೀಜ ನೆಟ್ಟೆವು, ಕಿಟಕಿಯ ಬಳಿ ಏಳು ಸಸಿಗಳಿವೆ.

ಕೊನೆಗೆ ಕೆಲಸ ಕೈಗೂಡಿದ್ದು 2022ರ ಅಕ್ಟೋಬರ್‌ನಲ್ಲಿ ಬಿತ್ತಿದ ಬೆಳೆಯಲ್ಲಿ. ಅದರ ಹಿಂದಿನ ವರ್ಷ ಹೀಬ್ರೂ ಪಂಚಾಂಗದ 5782, ಏಳು ವರ್ಷಕ್ಕೊಮ್ಮೆ ಭೂಮಿಗೆ ವಿಶ್ರಾಂತಿ ಕೊಡುವ ಷ್ಮಿತಾ ವರ್ಷ. ಆ ನಿಯಮ ಇಸ್ರೇಲ್ ನಾಡಿಗೆ ಮಾತ್ರವಾದರೂ ಮಕ್ಕಳು ತಿಳಿಯಲೆಂದು ನಾವೂ ಬಿತ್ತದೆ ಬಿಟ್ಟು, ತಾನಾಗಿ ಬೆಳೆದ ಕಳೆಗಳನ್ನು ಎಣಿಸಿದೆವು. ಮುಂದಿನ ಸಲ ಸುಮಾರು ಒಂಬತ್ತು ಕಿಲೋ ಹಸನಾದ ಗೋಧಿ ಬಂತು. ವಿಶ್ರಾಂತಿಯ ಫಲವೋ, ಬಿತ್ತುವ ಮೊದಲು ಸುರಿದ ಕಾಂಪೋಸ್ಟ್ ಗೊಬ್ಬರದ ಫಲವೋ ಬೇರೆ ಮಾಡಿ ಹೇಳಲಾರೆ.

2023ರ ಅಕ್ಟೋಬರ್ 7ರಂದು ಇಸ್ರೇಲ್ ಮೇಲೆ ಹಮಾಸ್ ನಡೆಸಿದ ದಾಳಿಯ ನಂತರದ ವಾರಗಳಲ್ಲಿ ಆ ಒಕ್ಕಣೆ ನಡೆಯಬೇಕಾಗಿತ್ತು. ಶಾಲೆಯ ಬಾಗಿಲಲ್ಲಿ ಪೊಲೀಸ್ ವಾಹನ ನಿಂತಿತ್ತು, ಇಸ್ರೇಲ್‌ನಲ್ಲಿ ಬಂಧುಬಳಗವಿದ್ದ ಶಿಕ್ಷಕರು ಪಾಠದ ನಡುವೆ ಹೊರಗೆ ಹೋಗಿ ಫೋನ್ ನೋಡುತ್ತಿದ್ದರು. ಮುಂದೂಡೋಣವೇ ಎಂದು ನಾನು ಕೇಳಿದೆ. ಶಿಕ್ಷಕರು ಬೇಡವೆಂದರು. ಅಜ್ಜ ಅಜ್ಜಿಯರು, ತಾಯಿ ತಂದೆಯರು ಕರೆಯದಿದ್ದವರೂ ಬಂದರು, ಟಾರ್ಪಾಲಿನ ಸುತ್ತ ಕುಳಿತು ಬಹಳ ಹೊತ್ತು ಮಾತಿಲ್ಲದೆ ತೆನೆ ಬಡಿದರು. ನಾಲ್ಕು ವಾರಗಳ ನಂತರ ಗುರುವಾರ ಬೀಸಿ ನಾದಿದೆವು. ನಮ್ಮ ಇಡಿ ಗೋಧಿಯ ಹಿಟ್ಟಿಗೆ ಅಂಗಡಿಯ ಬ್ರೆಡ್ ಹಿಟ್ಟು ಅರ್ಧಕ್ಕರ್ಧ ಬೆರೆಸುತ್ತೇನೆ, ನೀರಿನ ಅಳತೆ ಮತ್ತು ಹಿಟ್ಟನ್ನು ರಾತ್ರಿಯಿಡೀ ಇಡುವ ಕ್ರಮ ನನ್ನ ಗುಟ್ಟು, ಮೂರು ವರ್ಷ ಚಪ್ಪಟೆ ರೊಟ್ಟಿ ಸುಟ್ಟ ಮೇಲೆ ಕೈಹತ್ತಿದ್ದು ಅದು. ಶುಕ್ರವಾರ ಇಡೀ ಶಾಲೆ ಸೇರಿದಾಗ, ಭೂಮಿಯಿಂದ ರೊಟ್ಟಿಯನ್ನು ಹೊರತರುವವನೇ ಎಂಬ ಪ್ರಾರ್ಥನೆಯನ್ನು ಮಕ್ಕಳು ದಿನದಂತೆ ಓಡಿಸದೆ ನಿಧಾನವಾಗಿ ಹೇಳಿದರು. ನಿಲ್ಲಿಸಬೇಕೆಂದು ಮಂಡಳಿಯಲ್ಲಿ ವಾದಿಸಿದ್ದ ಒಬ್ಬರು ಎರಡನೇ ತುಂಡು ಕೇಳಿ ತೆಗೆದುಕೊಂಡರು.

2024ರಲ್ಲಿ ಹನ್ನೊಂದು ಕಿಲೋ ಬಂತು. ಆ ವರ್ಷ ಹೀಬ್ರೂ ಪಂಚಾಂಗದಲ್ಲಿ ಅಧಿಕ ಮಾಸ ಬಂದಿದ್ದರಿಂದ ಹಬ್ಬಗಳು ತಡವಾಗಿ, ಬಿತ್ತನೆ ಅಕ್ಟೋಬರ್ ಕೊನೆಗೆ ಜಾರಿ, ಮುಂದಿನ ಬೆಳೆಯಲ್ಲಿ ತೆಂಡೆ, ಅಂದರೆ ಬುಡದಿಂದ ಒಡೆಯುವ ಕವಲು, ಕಡಿಮೆಯಾಗಿ ಎಂಟು ಕಿಲೋಗೆ ಇಳಿಯಿತು. ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ಅಧಿಕ ಮಾಸ ಬರುತ್ತದೆ. ಅಂಥ ವರ್ಷಕ್ಕೆ ಬೀಜವನ್ನು ಕಾಲುಭಾಗ ಹೆಚ್ಚು ಹಾಕಬೇಕೆಂದು ಬರೆದಿಟ್ಟುಕೊಂಡಿದ್ದೇನೆ. 2025ರಲ್ಲಿ ಶರತ್ಕಾಲದ ಹಬ್ಬಗಳಲ್ಲಿ ಕೊನೆಯದಾದ ಸಿಮ್ಖತ್ ತೋರಾ ಅಕ್ಟೋಬರ್ 15ಕ್ಕೆ ಮುಗಿದದ್ದರಿಂದ ಮರುದಿನವೇ ಬಿತ್ತಿದೆವು.

ಮುಂದಿನ ಷ್ಮಿತಾ 2028ರ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತದೆ. ಕಳೆದ ಸಲ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ಬೀಜಕ್ಕೆ ನುಸಿ ಬಿದ್ದು ಹೊಸದಾಗಿ ಕೊಳ್ಳಬೇಕಾಗಿ ಬಂದಿತ್ತು, ಅಲ್ಲಿಯವರೆಗೆ ನಡೆದುಬಂದ ಕೈಯಿಂದ ಕೈಗೆ ಬೀಜ ಕೊಡುವ ಸಾಲು ಅಲ್ಲಿ ಕಡಿದುಹೋಯಿತು. ಈ ಸಲ ಬೇವಿನ ಎಲೆ ಹಾಕಿ, ಗಾಜಿನ ಭರಣಿಯಲ್ಲಿ, ತಂಪುಪೆಟ್ಟಿಗೆಯೊಳಗೆ ಒಂದು ವರ್ಷ ಹೆಚ್ಚು ಕಾಯ್ದಿಡಬೇಕು. ಆ ವರ್ಷ ಬಿತ್ತದೆ ಕಾಯಬೇಕಾದ ಮಕ್ಕಳು ಈಗ ಒಂದನೇ ತರಗತಿಯಲ್ಲಿದ್ದಾರೆ. ಭರಣಿಯ ಕಾವಲು ಅವರದೇ ಎಂದು ಈಗಾಗಲೇ ಹೇಳಿಟ್ಟಿದ್ದೇನೆ.